ದೇವರ ಟಗರಿನ ರಕ್ತ, ಭಾಗವ್ವನ ಬೆರಳು

ಸೊರಡಿಯ ಗೊಲ್ಲಾಳಪ್ಪನನ್ನು ಯಾರಾದರೂ "ಆರಾಮ ಅದೀಯೇನಪಾ?" ಎಂದು ಕೇಳಿದರೆ ಅವನು ಕೂಡಲೇ ಉತ್ತರ ಕೊಡುವವನಲ್ಲ. ಮೊದಲು ಕೇಳಿದವನ ಮುಖ ನೋಡುತ್ತಾನೆ. ಆಮೇಲೆ ಅವನ ಬೆನ್ನ ಹಿಂದೆ ಇನ್ನಾರಾದರೂ ನಿಂತಿದ್ದಾರೆಯೇ ಎಂದು ನೋಡುತ್ತಾನೆ. ಕೊನೆಗೆ, "ಯಾಕ, ಯಾರರ ಏನರ ಅಂದ್ರೇನು?" ಎಂದು ತಿರುಗಿ ಕೇಳುತ್ತಾನೆ. ನಮ್ಮ ಗಡಿ ತಾಲೂಕಿನ ಪೇಟೆ ಜತ್ತಿನ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನ ಹಣೆಯ ಮೇಲೆ ಊರಿನ ಹೆಸರು ಮರಾಠಿಯಲ್ಲಿ ದಪ್ಪಗೆ ಬರೆದಿದ್ದರೂ ಕಂಡಕ್ಟರನನ್ನು ಕೇಳುತ್ತಾನೆ. ಕಂಡಕ್ಟರ್ ಹೌದೆಂದರೆ ಡ್ರೈವರನನ್ನು ಕೇಳುತ್ತಾನೆ. ಇಬ್ಬರೂ ಒಂದೇ ಮಾತು ಹೇಳಿದರೆ, ಇವರು ಮೊದಲೇ ಮಾತಾಡಿಕೊಂಡಿದ್ದಾರೆ ಎಂದು ಗಟ್ಟಿ ಮಾಡಿಕೊಂಡು ಬಾಗಿಲ ಹತ್ತಿರದ ಸೀಟು ಹಿಡಿಯುತ್ತಾನೆ, ಬೇಕಾದರೆ ಇಳಿಯಲು ಅನುಕೂಲವಿರಲಿ ಎಂದು.

ಅವನ ಹೆಂಡತಿ ಭಾಗವ್ವ ಈ ಗುಣವನ್ನು ಮದುವೆಯ ದಿನವೇ ಕಂಡವಳು. "ಅಕ್ಕಿಕಾಳ ತಲಿ ಮ್ಯಾಲ ಬೀಳಾಕತ್ತಿದ್ರ ಇವರು ಒಂದ ಕಾಳ ಹಿಡದು, ಹುಳ ಹತ್ತೈತೇನು ಅಂತ ನೋಡಾಕತ್ತಿದ್ರು. ನನ್ನ ಮಾರಿ ಆಮ್ಯಾಲ ನೋಡ್ಯಾರ" ಎಂದು ಅವಳು ಈಗಲೂ ಕಂಡವರಿಗೆಲ್ಲ ಹೇಳುತ್ತಾಳೆ.

ಹಾಗೆಂದು ನಾವು ನಕ್ಕು ಬಿಡುವಂತಿಲ್ಲ. ಕುರಿ ಕಾಯುವುದೇ ಸಂಶಯದ ಕಸುಬು. ಪೊದೆ ಅಲುಗಿದಾಗ ಗಾಳಿ ಎಂದುಕೊಳ್ಳುವವನ ಹಿಂಡು ಕರಗುತ್ತದೆ, ತೋಳ ಎಂದುಕೊಳ್ಳುವವನ ಹಿಂಡು ಉಳಿಯುತ್ತದೆ. ಮರಿ ಚಲೋ ಐತಿ ಎಂದು ಹೊಗಳಿದವನು ಕೊಳ್ಳಲು ಬಂದವನಿರಬಹುದು, ಕದಿಯಲು ಬಂದವನಿರಬಹುದು, ದೃಷ್ಟಿ ಹಾಕಲು ಬಂದವನೂ ಇರಬಹುದು. ಗೊಲ್ಲಾಳಪ್ಪ ಮೂರನ್ನೂ ಒಟ್ಟಿಗೇ ನಂಬುತ್ತಿದ್ದ. ಅವನ ಹಿಂಡಿನ ಕುರಿ ಕಳೆದದ್ದು ಕಡಿಮೆ.

ಇಂಥ ಮನುಷ್ಯ ಕಣ್ಣು ಮುಚ್ಚಿ ನಂಬುತ್ತಿದ್ದದ್ದು ಎರಡನ್ನು. ಒಂದು ಬೀರದೇವರು. ಇನ್ನೊಂದು ಹಳದಿ ಸೂಜಿ.

ಹಳದಿ ಸೂಜಿ ನಮ್ಮ ಕಡೆಯ ಕುರಿಗಾರರ ಚೀಲದಲ್ಲೆಲ್ಲ ಇರುವಂಥದು. ದನದ ಔಷಧದ ಅಂಗಡಿಯಲ್ಲಿ ಸಿಗುವ ಹಳದಿ ಬಣ್ಣದ ಆ್ಯಂಟಿಬಯೋಟಿಕ್ ಬಾಟಲಿ, ಜೊತೆಗೊಂದು ಸಿರಿಂಜು. ಕುರಿ ಕೆಮ್ಮಿದರೆ ಸೂಜಿ, ಕುಂಟಿದರೆ ಸೂಜಿ. ಉಣ್ಣೆ ಕತ್ತರಿಸುವಾಗ ಚರ್ಮಕ್ಕೆ ಕತ್ತರಿ ತಾಕಿದರೆ ಸೂಜಿ. ಗೊಲ್ಲಾಳಪ್ಪ ಒಂದು ಹೆಜ್ಜೆ ಮುಂದೆ ಹೋಗಿದ್ದ: ಏನೂ ಆಗದಿದ್ದರೂ, ಆಗಬಹುದೆಂಬ ಸಂಶಯ ಬಂದರೆ ಸೂಜಿ. ಸಂಶಯ ಅವನಿಗೆ ಬಾರದ ದಿನ ಯಾವುದು?

ಅವನ ಹಿಂಡಿನಲ್ಲಿ ಸರದಾರನೆಂಬ ಟಗರಿತ್ತು. ಬೀರದೇವರ ಹೆಸರಿನಲ್ಲಿ ಬಿಟ್ಟ ಟಗರು. ಮಾರುವಂತಿಲ್ಲ, ಕೊಯ್ಯುವಂತಿಲ್ಲ, ಹೊಡೆಯುವಂತಿಲ್ಲ. ಹೀಗಾಗಿ ಅದು ಮೇಯುತ್ತ, ಯಾರ ಹೊಲವೆಂದು ನೋಡದೆ ಮೇಯುತ್ತ, ಹಿಂಡಿನ ಮುಂದೆ ಮಾಜಿ ಸರಪಂಚನಂತೆ ಕತ್ತೆತ್ತಿ ನಡೆಯುತ್ತಿತ್ತು. ಗೊಲ್ಲಾಳಪ್ಪನ ಮರ್ಯಾದೆಯೆಲ್ಲ ಅದರ ಕೊಂಬಿನಲ್ಲಿತ್ತು. ಮುಚ್ಚಂಡಿಯ ರೇವಣ್ಣನದೂ ಒಂದು ಹಿಂಡಿತ್ತು. ಆದರೆ ರೇವಣ್ಣನ ಹಿಂಡಿನಲ್ಲಿ ಇಷ್ಟು ದೊಡ್ಡ ಟಗರಿರಲಿಲ್ಲ. ಈ ಸಂಗತಿ ಗೊಲ್ಲಾಳಪ್ಪನಿಗೆ ಊಟಕ್ಕಿಂತ ಹೆಚ್ಚಿನ ತೃಪ್ತಿ ಕೊಡುತ್ತಿತ್ತು.

ಈ ಟಗರನ್ನು ಹುಡುಕಿಕೊಂಡು ಒಂದು ಬೆಳಿಗ್ಗೆ ಜತ್ತಿನಿಂದ ಈಶ್ವರ ಬಂದ.

ಈಶ್ವರನನ್ನು ಪರಿಚಯಿಸುವುದು ಸುಲಭ, ಅವನ ಬೋರ್ಡೇ ಆ ಕೆಲಸ ಮಾಡುತ್ತದೆ. ಜತ್ತಿನ ಪೇಟೆಯಲ್ಲಿ ಅವನ ಅಪ್ಪ ಒಣಮೆಣಸಿನಕಾಯಿಯ ಅಡತಿ ಅಂಗಡಿ ನಡೆಸುತ್ತಿದ್ದ ಜಾಗದಲ್ಲಿ ಈಗ 'ಈಶ್ವರ ಸೂಕ್ಷ್ಮಜೀವಿ ತಪಾಸಣೆ ಮತ್ತು ಸಂಶೋಧನ ಕೇಂದ್ರ' ಇದೆ. ಮೂರು ಭಾಷೆಯ ಬೋರ್ಡು. ಒಳಗೆ ಎರಡು ಕೋಣೆ. ಮಳೆಗಾಲದಲ್ಲಿ ಗೋಡೆ ಬೆವತರೆ ಈಗಲೂ ಮೆಣಸಿನ ಘಾಟು ಏಳುತ್ತದೆ. ರಕ್ತ ಕೊಡಲು ಬಂದವರು ಮೊದಲು ಸೀನುತ್ತಾರೆ. ಈಶ್ವರ ಕೊಲ್ಹಾಪುರದಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿ ಬಂದವನು. ತಿಳಿದವನೇ. ಆದರೆ 'ತಪಾಸಣೆ'ಯ ಕೆಲಸವನ್ನು ಸಹಾಯಕಿ ಉಮಾಶ್ರೀಗೆ ಬಿಟ್ಟು, 'ಸಂಶೋಧನ'ದ ಭಾಗವನ್ನು ತಾನು ಇಟ್ಟುಕೊಂಡಿದ್ದ. ಸಂಶೋಧನೆ ಎಂದರೆ ಕುತ್ತಿಗೆಯ ಗುಂಡಿ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುವುದೂ ಸೇರಿ.

ಅವನ ಅಡಚಣೆ ಹೀಗಿತ್ತು. ಗಾಯದ ಕೀವಿನಲ್ಲಿ ಯಾವ ರೋಗಾಣು ಇದೆ, ಅದು ಯಾವ ಔಷಧಕ್ಕೆ ಸಾಯುತ್ತದೆ ಎಂದು ತಿಳಿಯಬೇಕಾದರೆ ಅದನ್ನು ಮೊದಲು ತಟ್ಟೆಯಲ್ಲಿ ಬೆಳೆಸಬೇಕು. ಕೆಲವು ರೋಗಾಣುಗಳಿಗೆ ಉಣ್ಣಲು ರಕ್ತ ಬೆರೆಸಿದ ತಿನಿಸೇ ಆಗಬೇಕು, ಅದರಲ್ಲೂ ಕುರಿಯ ರಕ್ತ. ಸಾಂಗಲಿಯಿಂದ ತರಿಸಿದ ಬಾಟಲಿ ಬಸ್ಸಿನ ಡಿಕ್ಕಿಯಲ್ಲಿ ಬಿಸಿಲುಂಡು ಕೆಡುತ್ತಿತ್ತು. ತಾಲೂಕಿನ ತುಂಬ ಕುರಿ ಇರುವಾಗ ರಕ್ತಕ್ಕೆ ಸಾಂಗಲಿಯವರೆಗೆ ಯಾಕೆ ಹೋಗಬೇಕು?

"ಕಾಕಾ, ಸ್ವಲ್ಪ ರಕ್ತ ಬೇಕು, ಟಗರಿಂದು. ಕುತ್ತಿಗಿ ನರದಾಗಿಂದ ಸೂಜಿಲೆ ತಗೋತೀವಿ. ತಿಂಗಳಿಗೊಮ್ಮೆ. ಅದಕ್ಕೇನೂ ಆಗಂಗಿಲ್ಲ" ಎಂದ ಈಶ್ವರ.

"ಯಾತಕ್ಕ?"

"ರೋಗಾಣು ಬೆಳಸಾಕ."

ಗೊಲ್ಲಾಳಪ್ಪ ಈಶ್ವರನ ಬೆನ್ನ ಹಿಂದೆ ಇಣುಕಿ ನೋಡಿದ. "ಮಂದಿ ರೋಗ ಹೋಗಲಿ ಅಂತ ದವಾಖಾನಿಗೆ ಹೋಗ್ತಾರ. ನೀವು ಬೆಳಸಾಕ ಕುಂತೀರೇನು?"

ಈಶ್ವರ ಸಂಶೋಧನೆಯ ಮಹತ್ವವನ್ನು ವಿವರಿಸಿದ. ವಿವರಣೆ ಉದ್ದವಾದಷ್ಟೂ ಗೊಲ್ಲಾಳಪ್ಪನ ಸಂಶಯವೂ ಉದ್ದವಾಯಿತು. ಕೊನೆಗೆ ಈಶ್ವರ ಬೇಸತ್ತು, "ಹೋಗ್ಲಿ ಬಿಡ್ರಿ, ಮುಚ್ಚಂಡಿ ರೇವಣ್ಣಗ ಕೇಳ್ತೀನಿ" ಎಂದು ಮೋಟರ್‌ಸೈಕಲ್ಲಿನ ಕಡೆ ತಿರುಗಿದ.

ಅಲ್ಲಿಗೆ ವ್ಯವಹಾರ ಕುದುರಿತು. ರೇವಣ್ಣನ ಕುರಿ ಸಂಶೋಧನೆಗೆ ಸೇರಿ ಸರದಾರ ಹೊರಗುಳಿಯುವುದೆಂದರೇನು? ದೇವರ ಟಗರೆಂಬ ತೊಡಕನ್ನೂ ಗೊಲ್ಲಾಳಪ್ಪ ತಾನೇ ಬಿಡಿಸಿದ: "ಕೊಯ್ಯಬಾರದು ಅಂತ ಐತಿ. ಚುಚ್ಚಬಾರದು ಅಂತ ಎಲ್ಲೂ ಇಲ್ಲ." ಬದಲಿಗೆ ಮನೆಯವರ ತಪಾಸಣೆಯೆಲ್ಲ ಪುಕ್ಕಟೆ ಎಂದು ಮಾತಾಯಿತು.

ಮೊದಲ ಸಲ ಉಮಾಶ್ರೀ ರಕ್ತ ತೆಗೆಯಲು ಬಂದಾಗ ಗೊಲ್ಲಾಳಪ್ಪ ಒಂದು ಮಾರು ದೂರದಲ್ಲಿ ನಿಂತು ಅವಳ ಕೈಯನ್ನೇ ನೋಡುತ್ತಿದ್ದ. ಅವಳು ಕುತ್ತಿಗೆಯ ಉಣ್ಣೆ ಕತ್ತರಿಸಿ, ನರ ಹುಡುಕಿ, ರಕ್ತವನ್ನು ಬಾಟಲಿಗಿಳಿಸಿದಳು. ಬಾಟಲಿಯಲ್ಲಿ ಗಾಜಿನ ಮಣಿಗಳಿದ್ದವು. ಹೆಪ್ಪುಗಟ್ಟದಿರಲೆಂದು ಅವಳು ಅದನ್ನು ಗಿಲಿಗಿಲಿ ಅಲುಗಿಸತೊಡಗಿದಳು.

"ಮಣಿ ಯಾಕವ್ವಾ? ಮಂತ್ರಿಸ್ತಿ ಏನು?"

"ಹೌದ್ರಿ ಕಾಕಾ, ನಿಮ್ಮ ಬಾಯಿ ಕಟ್ಟಾಕ" ಎಂದಳು ಉಮಾಶ್ರೀ. ಆಮೇಲೆ ಕೇಳಬೇಕಾದ್ದನ್ನು ಕೇಳಿದಳು: "ಟಗರಿಗೆ ಈಚೀಚಿಗೆ ಸೂಜಿ, ಔಷಧ ಏನರ ಕೊಟ್ಟೀರೇನು? ಕೊಟ್ಟಿದ್ರ ಈ ರಕ್ತ ನಡ್ಯಂಗಿಲ್ಲ."

ಗೊಲ್ಲಾಳಪ್ಪ ಹಿಂದಿನ ಸಂಜೆಯೇ ಸರದಾರನ ತೊಡೆಗೆ ಹಳದಿ ಸೂಜಿ ಹಾಕಿದ್ದ. ಅದೂ ಎರಡು ಪಟ್ಟು. ಲ್ಯಾಬಿನ ಸೂಜಿ ಯಾರ್ಯಾರ ಮೈಯೊಳಗೆ ಹೋಗಿ ಬಂದದ್ದೋ ಎಂಬುದು ಅವನ ಸಂಶಯ. ಮೊದಲೇ ಕಾವಲು ಹಾಕಿಟ್ಟರೆ ಒಳ್ಳೆಯದಲ್ಲವೇ? ಆದರೆ ಈಗ ಈ ಪ್ರಶ್ನೆಯ ಮೇಲೂ ಅವನಿಗೆ ಸಂಶಯ ಬಂತು. ಹೌದೆಂದರೆ ಟಗರಿಗೆ ರೋಗವಿದೆ ಎನ್ನುತ್ತಾರೆ. ರೋಗವಿದೆ ಎಂದರೆ ರೇವಣ್ಣನ ಕಡೆ ಹೋಗುತ್ತಾರೆ.

"ಇಲ್ಲ" ಎಂದ. "ನನ್ನ ಟಗರಿಗೆ ಔಷಧ ಯಾಕ ಬೇಕು? ಅದನ್ನ ನೋಡಿದ್ರ ರೋಗ ಓಡಿ ಹೋಗತೈತಿ."

ಆ ಮಾತು ಒಂದು ರೀತಿಯಲ್ಲಿ ಅಕ್ಷರಶಃ ನಿಜವಾಗಿತ್ತೆಂದು ಆಗ ಯಾರಿಗೂ ಗೊತ್ತಾಗಲಿಲ್ಲ. ಪ್ರತಿ ತಿಂಗಳೂ ಇದೇ ನಡೆಯಿತು: ಸಂಜೆ ಹಳದಿ ಸೂಜಿ, ಮರುದಿನ ಲ್ಯಾಬಿನ ಸೂಜಿ, ನಡುವೆ ಅದೇ ಪ್ರಶ್ನೆ, ಅದೇ ಉತ್ತರ.

ಸರದಾರನ ರಕ್ತದ ತಟ್ಟೆಗಳು ನೋಡಲು ಚಂದವಾಗಿದ್ದವು, ಗಿಣ್ಣ ಹೆಪ್ಪುಗಟ್ಟಿದ ಹಾಗೆ, ಆದರೆ ಕೆಂಪಗೆ. ಅವುಗಳಲ್ಲಿ ಬೆಳೆದ ರೋಗಾಣುಗಳು ಮಾತ್ರ ಭಯಂಕರ. ಔಷಧದಲ್ಲಿ ಅದ್ದಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಟ್ಟರೆ, ಬಿಲ್ಲೆಯ ಸುತ್ತ ರೋಗಾಣು ಸತ್ತು ಬಯಲಾದ ವರ್ತುಲ ಮೂಡಬೇಕು. ಇವು ಬಿಲ್ಲೆಯ ಬುಡಕ್ಕೇ ಬಂದು ಹಾಯಾಗಿ ಬೆಳೆಯುತ್ತಿದ್ದವು. ಕಾರಣ ಸರಳ: ತಟ್ಟೆಯ ರಕ್ತದಲ್ಲೇ ಔಷಧವಿದ್ದುದರಿಂದ ಮೆದು ರೋಗಾಣುಗಳು ಮೊಳೆಯುವ ಮೊದಲೇ ಸಾಯುತ್ತಿದ್ದವು, ಔಷಧ ಅರಗಿಸಿಕೊಂಡ ಗಟ್ಟಿಪಿಂಡಗಳು ಮಾತ್ರ ಮೇಲೇಳುತ್ತಿದ್ದವು. ಆದರೆ ಈಶ್ವರನಿಗೆ ಕಂಡದ್ದು ಕಾರಣವಲ್ಲ, ಕೀರ್ತಿ.

"ಸರ್, ನಮ್ಮ ನಮೂನಿ ರೋಗಾಣು ಇಟ್ಟೀವಲ್ಲ, ತಟ್ಟಿ ಸರಿ ಐತೋ ಇಲ್ಲೋ ನೋಡಾಕ, ಅವೂ ನೆಟ್ಟಗ ಬೆಳೀವಲ್ಲವು" ಎಂದು ಉಮಾಶ್ರೀ ಒಮ್ಮೆ ಹೇಳಿದಳು. ಅವಳ ಸಂಶಯ ಕರೆಂಟಿನ ಮೇಲಿತ್ತು, ತಟ್ಟೆಯ ತಿನಿಸು ಮಾಡುವ ಪುಡಿಯ ಡಬ್ಬಿಯ ಮೇಲಿತ್ತು. ಟಗರಿನ ಮೇಲಿರಲಿಲ್ಲ.

"ಹಳೇವಾಗ್ಯಾವ. ವಯಸ್ಸಾದವರಿಗೆ ಊಟ ಹೋಗೂದಿಲ್ಲ" ಎಂದ ಈಶ್ವರ, ಕನ್ನಡಿಯಲ್ಲಿ ಕೂದಲು ಸರಿಪಡಿಸಿಕೊಳ್ಳುತ್ತ. ಪೇಪರಿನವರು ಬರುವ ದಿನ ಅದು.

ಸಾಂಗಲಿಯ ಮರಾಠಿ ಪೇಪರಿನಲ್ಲಿ ಸುದ್ದಿ ಬಂತು: ಜತ್ತಿನ ರೋಗಾಣುಗಳು ಸಾಮಾನ್ಯ ಔಷಧಕ್ಕೆ ಬಗ್ಗುವುದಿಲ್ಲ. ಪಕ್ಕದಲ್ಲಿ ಈಶ್ವರ ಕೆಂಪು ತಟ್ಟೆಯನ್ನು ಬೆಳಕಿಗೆ ಹಿಡಿದು, ದೂರದ ಯಾವುದೋ ಗ್ರಹ ಕಂಡವನಂತೆ ನೋಡುತ್ತಿರುವ ಫೋಟೋ. ಜಿಲ್ಲೆಯಲ್ಲಿ ಯಾವುದರಲ್ಲೂ ಮೊದಲ ನಂಬರು ಬಾರದ ತಾಲೂಕು ನಮ್ಮದು. ರೋಗಾಣುವಿನಲ್ಲಾದರೂ ಬಂತಲ್ಲ ಎಂದು ಚಹಾದ ಅಂಗಡಿಯಲ್ಲಿ ಕೆಲವರು ಎದೆ ಉಬ್ಬಿಸಿದರು. "ಮಿರಜಿನ ರೋಗಾಣು ಏನ್ ರೋಗಾಣುಲೇ, ಒಂದ್ ಗುಳಿಗಿಗೆ ಸಾಯತಾವು" ಎಂದೂ ಒಬ್ಬ ಅಂದ.

ಆ ವಾರವೇ ಭಾಗವ್ವನ ಕಾಲಿಗೆ ಜಾಲಿಮುಳ್ಳು ಮುರಿಯಿತು.

ಕುರಿಯ ಹಿಂದೆ ಹೋಗುವವರಿಗೆ ಮುಳ್ಳು ಲೆಕ್ಕಕ್ಕಿಲ್ಲ. ಆದರೆ ಭಾಗವ್ವನಿಗೆ ಸಕ್ಕರೆ ಕಾಯಿಲೆ ಇತ್ತು. ಹೆಬ್ಬೆರಳು ಬಾತು, ಬಿಸಿಯಾಗಿ, ಕೀವು ಕಟ್ಟಿ, ಕೆಂಪು ಪಾದದ ಮೇಲೇರತೊಡಗಿತು. ಜತ್ತಿನ ಡಾಕ್ಟರ್ ವಿದ್ಯಾವತಿ ನೋಡಿದರು. ಬೇರೆ ಸಮಯವಾಗಿದ್ದರೆ ಯಾವುದಾದರೂ ಸಾಮಾನ್ಯ ಔಷಧ ಶುರು ಮಾಡುತ್ತಿದ್ದರೋ ಏನೋ. ಅವರೂ ಪೇಪರು ಓದಿದ್ದರು. ಸಾದಾ ಔಷಧ ಕೊಟ್ಟು ದಿನ ಕಳೆಯುವುದು ಬೇಡ, ರಿಪೋರ್ಟು ಬರಲಿ ಎಂದು ಕೀವನ್ನು ಈಶ್ವರನ ಲ್ಯಾಬಿಗೆ ಕಳಿಸಿದರು. ರಿಪೋರ್ಟು ಬಂತು: ಈ ರೋಗಾಣು ಒಂದೇ ಒಂದು ಔಷಧಕ್ಕೆ ಮಣಿಯುತ್ತದೆ. ಆ ಔಷಧ ಮಿರಜಿನಿಂದ ಬಂತು. ದಿನವೂ ಸೂಜಿ ಹಾಕಿದರು. ತಟ್ಟೆಯಲ್ಲಿ ಬೆಳೆದದ್ದು ಗಾಯದ ಮೇಲ್ಗಡೆ ಸುಮ್ಮನೆ ಕುಳಿತಿದ್ದ ಯಾವುದೋ ದಾರಿಹೋಕ ರೋಗಾಣು. ಒಳಗೆ ಬೆರಳು ತಿನ್ನುತ್ತಿದ್ದ ನಿಜವಾದ ಕಳ್ಳನೋ, ಸರದಾರನ ರಕ್ತದ ತಟ್ಟೆಯಲ್ಲಿ ತಲೆ ಎತ್ತಿರಲೇ ಇಲ್ಲ. ಅವನಿಗೆ ಈ ಔಷಧ ನಾಟುತ್ತಲೂ ಇರಲಿಲ್ಲ. ಆದರೆ ಅದೆಲ್ಲ ಆಗ ಯಾರಿಗೆ ಗೊತ್ತು?

ಬುಧವಾರ ಡಾಕ್ಟರು ಪಟ್ಟಿ ಬಿಚ್ಚಿ ನೋಡಿ ಮುಖ ಸಪ್ಪಗೆ ಮಾಡಿದರು. "ಸೋಮವಾರ ಬೆರಳು ತಗೀಬೇಕಾಗತದ. ತಡಾ ಮಾಡಿದ್ರ ಪಾದಕ್ಕ ಬರತದ."

ಭಾಗವ್ವ ತನ್ನ ಕಾಲನ್ನೇ ನೋಡಿಕೊಂಡಳು. ಹೆಬ್ಬೆರಳಿಲ್ಲದೆ ಕಲ್ಲುಗುಡ್ಡದಲ್ಲಿ ಕುರಿಯ ಹಿಂದೆ ಓಡುವುದಾಗುವುದಿಲ್ಲ, ಹೊತ್ತುಕೊಂಡು ಬಿಡಾರ ಬದಲಿಸುವುದಾಗುವುದಿಲ್ಲ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗೊಲ್ಲಾಳಪ್ಪ ಮಾತ್ರ ಮೆಟ್ಟಿಲಿಳಿಯುವ ಮೊದಲೇ ಶುರು ಮಾಡಿದ.

"ಇವರೆಲ್ಲಾ ಒಂದ ಅದಾರ. ಲ್ಯಾಬಿನಾಂವ ರೋಗ ಬೆಳಸ್ತಾನ, ಡಾಕ್ಟರಬಾಯಿ ಕೊಯ್ತಾಳ. ಕಬ್ಬು ಹಚ್ಚಾಂವ ಒಬ್ಬ, ಕಡ್ಯಾಂವ ಒಬ್ಬ, ಕಾರಖಾನಿ ಒಂದs ಇದ್ದಂಗ."

"ಹಂಗಾದ್ರ ಏನ್ ಮಾಡೂಣು?" ಎಂದಳು ಭಾಗವ್ವ.

"ನನ್ನ ಕಣ್ಣ ಮುಂದ ಮತ್ತೊಮ್ಮೆ ತಪಾಸಣಿ ಮಾಡ್ಲಿ. ಕೀವು ಅದಲಬದಲ ಆಗೇತಿ. ನನಗ ಖಾತ್ರಿ ಐತಿ."

ಜತ್ತಿನ ಪೇಟೆಯಲ್ಲಿ ಹೆಂಡತಿಯನ್ನು ಆಟೋದಲ್ಲಿ ಕೂರಿಸಿಕೊಂಡು ಅವನು ಲ್ಯಾಬಿಗೆ ಹೋದ. ಈಶ್ವರ ಒಳಕೋಣೆಯಲ್ಲಿ ವ್ಯಾಪಾರಿ ಸಂಘದ ಸತ್ಕಾರಕ್ಕೆ ಭಾಷಣ ಗಟ್ಟಿ ಮಾಡುತ್ತಿದ್ದ. ಗೊಲ್ಲಾಳಪ್ಪ ನೇರ ಅಲ್ಲಿಗೆ ನುಗ್ಗಿದ. ಒಳಗಿಂದ ಇಬ್ಬರ ದನಿಯೂ ಏರುವುದು ಕೇಳಿಸುತ್ತಿತ್ತು. ಹೊರಗೆ ಉಮಾಶ್ರೀ ಭಾಗವ್ವನ ಕಾಲನ್ನು ಸ್ಟೂಲಿನ ಮೇಲಿಡಿಸಿ ಪಕ್ಕದಲ್ಲಿ ಕುಳಿತಳು.

"ಕಾಕಾ ಯಾರ ಮ್ಯಾಲೂ ನಂಬಿಕಿ ಇಡೂದಿಲ್ಲೇನ್ರಿ?"

"ಬಿಡ ಮಗಳ, ಅವರ ಸ್ವಭಾವ. ಟಗರ ಮ್ಯಾಲ ಜೀವ ಭಾಳ. ನೀ ರಕ್ತಾ ತಗ್ಯಾಕ ಬರ್ತಿಯಲ್ಲ, ಹಿಂದಿನ ದಿನಾ ಸಂಜಿಕ ಅದಕ್ಕ ಹಳದಿ ಸೂಜಿ ಹಾಕ್ತಾರ. ನನಗ ತಲಿನೋವು ಬಂದ್ರ ಒಂದ್ ಗುಳಿಗಿ ತಂದವರಲ್ಲ" ಎಂದು ಭಾಗವ್ವ ನೋವಿನ ನಡುವೆಯೂ ಗಂಡನ ಮೇಲೆ ಒಂದು ಮುಳ್ಳು ಚುಚ್ಚಿದಳು.

ಪಟ್ಟಿ ಬಿಚ್ಚುತ್ತಿದ್ದ ಉಮಾಶ್ರೀಯ ಕೈ ನಿಂತಿತು.

"ಏನಂದ್ರಿ?"

"ತಲಿನೋವಿಗೆ ಗುಳಿಗಿ..."

"ಅದಲ್ರೀ. ಸೂಜಿ. ಪ್ರತಿ ಸಲ ಹಾಕ್ತಾರ?"

"ತಪ್ಪಸಂಗಿಲ್ಲ. ನೆಂಟರು ಬರೂ ದಿನ ಅಂಗಳಾ ಸಾರಿಸಿದಂಗ."

ಉಮಾಶ್ರೀ ಎದ್ದು ಒಳಕೋಣೆಯ ಬಾಗಿಲು ತೆರೆದಳು. ಒಳಗೆ ಈಶ್ವರ ಬೆರಳೆತ್ತಿ ನಿಂತಿದ್ದ, ಗೊಲ್ಲಾಳಪ್ಪ ಕೋಲೆತ್ತಿ ನಿಂತಿದ್ದ.

"ಕಾಕಾ, ಟಗರಿಗೆ ಹಳದಿ ಸೂಜಿ ಹಾಕತಿದ್ರೇನು?"

"ಇಲ್ಲ" ಎಂದ ಗೊಲ್ಲಾಳಪ್ಪ, ಅಭ್ಯಾಸಬಲದಿಂದ.

"ಭಾಗವ್ವ ಕಾಕು ಹೇಳ್ಯಾರ."

ಗೊಲ್ಲಾಳಪ್ಪ ಹೊರಗೆ ಬಂದು ಹೆಂಡತಿಯನ್ನು ನೋಡಿದ. "ನೀ ಯಾಕ ಹೇಳಿದಿ? ಇವರು ಏನರ ಹೂಡ್ಯಾರ. ನಾ ಹೂಂ ಅಂದ್ರ ಎಲ್ಲಾ ನನ್ನ ತಲಿಗಿ ಕಟ್ತಾರ."

"ಸಾಧ್ಯವೇ ಇಲ್ಲ" ಎಂದ ಈಶ್ವರ ಹಿಂದಿನಿಂದ. ಅವನ ಮುಖದ ಬಣ್ಣ ಇಳಿದಿತ್ತು. "ಕಾಕಾ ಇಲ್ಲ ಅನ್ನಾಕತ್ತಾರಲ್ಲ. ಹಿರಿಯರು ಸುಳ್ಳ ಹೇಳ್ತಾರೇನು? ಪೇಪರಿನ್ಯಾಗ ಬಂದೈತಿ. ನಾಳಿ ಸತ್ಕಾರ ಐತಿ..."

ಹೀಗೆ ಲೋಕದಲ್ಲಿ ಯಾರನ್ನೂ ನಂಬದ ಗೊಲ್ಲಾಳಪ್ಪನನ್ನು ಮೊದಲ ಬಾರಿಗೆ ಒಬ್ಬ ವಿದ್ಯಾವಂತ ಪೂರ್ತಿ ನಂಬಿದ. ನಂಬಿಸಿಕೊಂಡು ಅಭ್ಯಾಸವಿಲ್ಲದ ಗೊಲ್ಲಾಳಪ್ಪನಿಗೆ ಅಲ್ಲೇ ಸಂಶಯ ಹತ್ತಿತು. ಈ ಮನುಷ್ಯ ನನ್ನ ಮಾತನ್ನು ಇಷ್ಟು ಲಗೂನ ಒಪ್ಪುತ್ತಿದ್ದಾನೆಂದರೆ ಇದರಲ್ಲಿ ಏನೋ ಇದೆ.

"ಇಬ್ಬರೂ ಬಾಯಿ ಮುಚ್ಚರಿ" ಎಂದಳು ಭಾಗವ್ವ. ಅವಳು ದನಿ ಏರಿಸಲಿಲ್ಲ. "ಬೆರಳು ನಂದು. ಸೋಮವಾರ ಕೊಯ್ಯೂದು ನಿಮ್ಮ ಪೇಪರಲ್ಲ, ಇವರ ಟಗರಲ್ಲ. ಮಗಳ, ಆ ಸೂಜಿಗೂ ನನ್ನ ಬೆರಳಿಗೂ ಏನ್ ಸಂಬಂಧ, ನನಗ ತಿಳಿಯೂ ಹಂಗ ಹೇಳು."

ಉಮಾಶ್ರೀ ಒಂದು ಹಳೆಯ ತಟ್ಟೆ ತಂದು ತೋರಿಸಿದಳು. ಬಿಲ್ಲೆಯ ಸುತ್ತ ಬಯಲಾದ ವರ್ತುಲ. "ಇದು ಔಷಧದ ಬಿಲ್ಲಿ. ಔಷಧ ಇದ್ದಲ್ಲಿ ರೋಗಾಣು ಬೆಳ್ಯಂಗಿಲ್ಲ."

"ತೋಳ ಕಂಡ್ರ ಕುರಿ ಸರದು ನಿಂತಂಗ" ಎಂದಳು ಭಾಗವ್ವ.

"ಹೂಂ. ಈಗ ಹಿಂಡು ನಿಲ್ಲೂ ಜಾಗದ ತುಂಬ ತೋಳದ ವಾಸನಿ ಹರಡಿದ್ರ?"

"ಒಂದ ಕುರಿನೂ ಬರಂಗಿಲ್ಲ. ಹುಚ್ಚ ಕುರಿ ಬಂದ್ರ ಬರಬೇಕು."

"ಹುಚ್ಚ ಕುರಿ ನೋಡಿ ನಾವು ಔಷಧ ಬರದೀವಿ, ಕಾಕು. ನಿಮ್ಮ ಬೆರಳ ತಿನ್ನಾಕತ್ತಿದ್ದು ತಟ್ಟಿಗೆ ಬಂದs ಇಲ್ಲ, ಅನಸ್ತೈತಿ."

ಭಾಗವ್ವ ಗಂಡನ ಕಡೆ ತಿರುಗಿದಳು. ಗೊಲ್ಲಾಳಪ್ಪನ ಕಣ್ಣು ಅವಳ ಮುಖದಿಂದ ಜಾರಿ ಪಟ್ಟಿ ಬಿಚ್ಚಿದ ಕಾಲಿಗೆ ಬಂತು. ಬೆರಳು ನೇರಳೆಯಾಗಿ ಹೊಳೆಯುತ್ತಿತ್ತು. ಅವನು ಕೋಲನ್ನು ಗೋಡೆಗೆ ಒರಗಿಸಿದ.

"ಹಾಕೀನಿ" ಎಂದ. "ಪ್ರತಿ ಸಲ ಹಾಕೀನಿ. ಎರಡ ಪಟ್ಟ. ನಿಮ್ಮ ಸೂಜಿ ಮ್ಯಾಲ ನನಗ ನಂಬಿಕಿ ಇರಲಿಲ್ಲ. ಈಗೂ ಇಲ್ಲ. ಏನ್ ಮಾಡ್ತೀರಿ ಮಾಡ್ರಿ, ಆದ್ರ ಆಕಿ ಬೆರಳ ಉಳಸ್ರಿ."

ಈಶ್ವರ ಕುರ್ಚಿಯಲ್ಲಿ ಕುಳಿತ. ಅವನೂ ಕೆಟ್ಟವನಲ್ಲ, ದೊಡ್ಡವನಾಗಲು ಅವಸರ ಮಾಡಿದವನು. ಭಾಷಣದ ಹಾಳೆಯನ್ನು ಮಡಿಚಿ ಕಿಸೆಗಿಟ್ಟು, "ಸೂಜಿ ಹಾಕದ ಕುರಿದು ರಕ್ತ ಬೇಕು. ಇವತ್ತs ಬೇಕು. ಸಾಂಗಲಿಯಿಂದ ತರಸಿದ್ರ ಮತ್ತ ಕೆಡತೈತಿ. ಎಲ್ಲಿಂದ ತರೂಣು?" ಎಂದ.

ಕುರಿಗಾರರಲ್ಲಿ ಹಳದಿ ಸೂಜಿ ಹಾಕದವನು ಯಾರು? ಗೊಲ್ಲಾಳಪ್ಪನಿಗೆ ಉತ್ತರ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಹೇಳಲು ಹೊತ್ತು ಹಿಡಿಯಿತು.

"ರೇವಣ್ಣ. ಅಂವ ಜಿಪುಣ. ಕುರಿ ಸತ್ರೂ ಸೂಜಿ ತರಂಗಿಲ್ಲ."

ಮುಚ್ಚಂಡಿಗೆ ಈಶ್ವರನ ಮೋಟರ್‌ಸೈಕಲ್ಲಿನ ಹಿಂದೆ ಕುಳಿತು ಹೋದವನು ಗೊಲ್ಲಾಳಪ್ಪನೇ. ಉಮಾಶ್ರೀ ಸಾಮಾನು ಹಿಡಿದು ತನ್ನ ಸ್ಕೂಟಿಯಲ್ಲಿ ಹಿಂದೆ ಬಂದಳು. ರೇವಣ್ಣ ಹೊಲದ ಬದುವಿನ ಮೇಲೆ ತಂಬಾಕು ತಿಕ್ಕುತ್ತ ಕುಳಿತಿದ್ದ. ಮೂವರನ್ನೂ ಮೇಲಿಂದ ಕೆಳಗೆ ನೋಡಿದ.

"ಏನ್ ಮಾವಾ, ದಾರಿ ತಪ್ಪೇನು?"

"ನಿನ್ನ ಕುರಿದು ರಕ್ತ ಬೇಕಾಗೇತಿ."

"ನನ್ನ ಕುರಿದು?" ರೇವಣ್ಣ ತಂಬಾಕು ಬಾಯಿಗೆ ಹಾಕುವುದನ್ನೇ ಮರೆತ. "ನಿನ್ನ ಸರದಾರ ಎಲ್ಲಿ ಹ್ವಾದ? ಸತ್ತನೇನು? ಪಟ್ಟದಿಂದ ಇಳಿಸಿದ್ರೇನು?"

"ಆರಾಮ ಅದಾನ."

"ಮತ್ತ ನನ್ನ ಬಡಕಲ ಕುರಿ ಯಾಕ ಬೇಕು? ಇದರಾಗ ಏನೋ ಐತಿ. ನೀ ನನ್ನ ಮನಿ ಬಾಗಲಿಗೆ ಬರಾಂವ ಅಲ್ಲ."

ಗೊಲ್ಲಾಳಪ್ಪನಿಗೆ ತನ್ನದೇ ದನಿಯಲ್ಲಿ ಇನ್ನೊಬ್ಬ ಮಾತಾಡಿದಂತಾಯಿತು. ಅದು ಅವನಿಗೆ ಹಿಡಿಸಲಿಲ್ಲ. ಆದರೂ ಎಲ್ಲವನ್ನೂ ಹೇಳಿದ: ಸೂಜಿ, ಸುಳ್ಳು, ಬೆರಳು, ಸೋಮವಾರ. ಕೇಳುತ್ತ ಕೇಳುತ್ತ ರೇವಣ್ಣನ ಮುಖದಲ್ಲಿ ನಗೆ ಬಂದು, ಬೆರಳಿನ ಮಾತಿಗೆ ಬಂದಾಗ ಹೋಯಿತು.

"ಅಕ್ಕಂದು ಬೆರಳಂದ್ರ ಯಾತಕ್ಕ ಕೇಳ್ತೀರಿ? ಹಿಡೀರಿ, ಯಾವದ ಬೇಕೋ ಹಿಡೀರಿ" ಎಂದು ಎದ್ದ. ಕುರಿಯ ಕುತ್ತಿಗೆ ಹಿಡಿದುಕೊಂಡಾಗ ಮಾತ್ರ ತಡೆಯಲಾರದೆ ಒಂದು ಮಾತು ಸೇರಿಸಿದ: "ಮಾವಾ, ಊರಾಗ ಯಾರರ ಕೇಳಿದ್ರ, ರೇವಣ್ಣನ ಕುರಿ ರಕ್ತ ಶುದ್ಧ ಐತಿ ಅಂತ ನೀನs ಹೇಳಬೇಕು ನೋಡು."

ಅದೇ ಸಂಜೆ ಭಾಗವ್ವನ ಕೀವನ್ನು ಎರಡು ತಟ್ಟೆಗೆ ಹಚ್ಚಿದರು. ಒಂದು ಸರದಾರನ ರಕ್ತದ್ದು, ಇನ್ನೊಂದು ರೇವಣ್ಣನ ಕುರಿಯದು. ಗೊಲ್ಲಾಳಪ್ಪ ಪಕ್ಕದಲ್ಲೇ ನಿಂತು ನೋಡಿದ. ಅದಲುಬದಲಾಗದಿರಲೆಂದು ಒಂದು ತಟ್ಟೆಯ ಮುಚ್ಚಳಕ್ಕೆ ಕಂಬಳಿಯ ಎಳೆ ಕಟ್ಟಿಸಿದ. ಮರುದಿನ ಬೆಳಿಗ್ಗೆ ಲ್ಯಾಬಿನ ಕದ ತೆರೆಯುವಾಗ ಹೊಸ್ತಿಲ ಮೇಲೆ ಅವನೇ ಕುಳಿತಿದ್ದ. ಸರದಾರನ ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ. ರೇವಣ್ಣನ ಕುರಿಯ ತಟ್ಟೆಯಲ್ಲಿ ಸಾಸಿವೆ ಚೆಲ್ಲಿದಂತೆ ಸಣ್ಣ ಸಣ್ಣ ಕಾಳು. ಪ್ರತಿ ಕಾಳಿನ ಸುತ್ತಲೂ ರಕ್ತ ತಿಂದು ಬೆಳ್ಳಗಾದ ಬಳೆ.

"ಇದs" ಎಂದಳು ಉಮಾಶ್ರೀ.

ಅದನ್ನೊಂದನ್ನೇ ಬೇರೆ ಬೆಳೆಸಿ, ಶುಕ್ರವಾರ ಹೊಸ ತಟ್ಟೆಗೆ ಹರಡಿ ಬಿಲ್ಲೆಗಳನ್ನಿಟ್ಟರು. ಶನಿವಾರ ನೋಡಿದರೆ ಪೆನಿಸಿಲಿನ್ ಬಿಲ್ಲೆಯ ಸುತ್ತ ಅಗಲವಾದ ಬಯಲು, ರಾಶಿ ಮಾಡಿದ ಕಣದಂತೆ ಸ್ವಚ್ಛ. ನಮ್ಮ ಅಜ್ಜಂದಿರ ಕಾಲದ ಔಷಧ. ಜತ್ತಿನ ಅಜೇಯ ರೋಗಾಣು ಅದರ ಹತ್ತಿರವೂ ಸುಳಿದಿರಲಿಲ್ಲ. ಈಶ್ವರ ತಾನೇ ತಟ್ಟೆ ಹಿಡಿದು ಡಾಕ್ಟರ್ ವಿದ್ಯಾವತಿಯವರ ಬಳಿ ಹೋದ. ಈ ಸಲ ಫೋಟೋದವರು ಯಾರೂ ಇರಲಿಲ್ಲ. ಡಾಕ್ಟರು ಅವನಿಗೆ ಏನಂದರೆಂದು ಗೊತ್ತಿಲ್ಲ; ಹೊರಗೆ ಬಂದಾಗ ಅವನ ಕಿವಿ ಕೆಂಪಗಿದ್ದವು. ಅಂದೇ ಮಧ್ಯಾಹ್ನ ಭಾಗವ್ವನಿಗೆ ಪೆನಿಸಿಲಿನ್ ಶುರುವಾಯಿತು. ಹಳೆಯ ರಿಪೋರ್ಟು ಪಡೆದವರಿಗೆಲ್ಲ ಉಮಾಶ್ರೀ ಫೋನು ಹಚ್ಚುತ್ತ ಕುಳಿತಳು. ಈಶ್ವರನೂ ಪಕ್ಕದ ಫೋನು ಹಿಡಿದ. ಪೇಪರಿಗೂ ತಿದ್ದುಪಡಿ ಬರೆದುಕೊಟ್ಟ. ಅದು ಒಳಪುಟದಲ್ಲಿ, ಎಮ್ಮೆ ಕಳೆದಿದೆ ಎಂಬ ಜಾಹೀರಾತಿನ ಕೆಳಗೆ ಬಂತು. 'ಹೆಚ್ಚಿನ ಸಂಶೋಧನೆಯಿಂದ ತಿಳಿದುಬಂದಂತೆ' ಎಂದೇ ಶುರುವಾಗುತ್ತಿತ್ತು. ಅಷ್ಟು ಚಪಲ ಉಳಿದಿತ್ತು.

ಸೋಮವಾರ ಡಾಕ್ಟರು ಪಟ್ಟಿ ಬಿಚ್ಚಿ ಬೆರಳನ್ನು ಒತ್ತಿದರು. ಭಾಗವ್ವ "ಯವ್ವಾ!" ಎಂದು ಚೀರಿದಳು.

"ಚಲೋ ಆತು. ನೋವು ಗೊತ್ತಾಗಾಕತ್ತದ. ಇವತ್ತು ಕೊಯ್ಯೂದು ಬ್ಯಾಡ."

"ಇವತ್ತು ಬ್ಯಾಡ ಅಂದ್ರ ನಾಳಿ ಬೇಕು ಅಂತೇನ್ರಿ?" ಎಂದ ಗೊಲ್ಲಾಳಪ್ಪ.

"ನಾಳಿ ನಾಳಿ ನೋಡೂಣು, ಕಾಕಾ."

ಪಾದದ ಕೆಂಪು ಇಳಿಯುತ್ತ ಇಳಿಯುತ್ತ ಬೆರಳಿನ ಬುಡಕ್ಕೆ ಬಂತು. ಕೀವು ಬತ್ತಿತು. ಕೊನೆಯ ಸಲ ಹೋದಾಗ ಉಗುರು ಬಿದ್ದು ಹೋಗಿತ್ತು, ಚರ್ಮ ಸುಲಿದಿತ್ತು, ಬೆರಳು ತನ್ನ ಜಾಗದಲ್ಲೇ ಇತ್ತು. ಡಾಕ್ಟರು ಕೈ ತೊಳೆದುಕೊಳ್ಳುತ್ತ, "ಮುಗೀತು. ಇನ್ನ ಕೊಯ್ಯೂ ಮಾತ ಇಲ್ಲ. ಸಕ್ಕರಿ ಮಾತ್ರ ಸಂಬಾಳಸ್ರಿ" ಎಂದರು.

ಗೊಲ್ಲಾಳಪ್ಪ ಏಳಲಿಲ್ಲ. "ಅಲ್ರಿ ಡಾಕ್ಟರಬಾಯಿ, ಆವತ್ತು ತಗೀಲೇಬೇಕು ಅಂದ್ರಿ. ಈಗ ಬ್ಯಾಡs ಬ್ಯಾಡ ಅಂತೀರಿ. ಎರಡರಾಗ ಯಾವದ ಖರೇ?"

ಡಾಕ್ಟರು ಕೈ ಒರೆಸಿಕೊಳ್ಳುವಷ್ಟರಲ್ಲಿ ಭಾಗವ್ವ ಕಾಲನ್ನು ಚಪ್ಪಲಿಗೆ ಇಳಿಸಿದ್ದಳು. ಹೆಬ್ಬೆರಳನ್ನು ಒಮ್ಮೆ ಮೇಲೆತ್ತಿ, ಕೆಳಗಿಳಿಸಿ ನೋಡಿಕೊಂಡಳು.

"ಅಷ್ಟು ಸಂಶಯ ಇದ್ರ ನಿಮ್ದೊಂದು ಕೊಯ್ಸಿ ನೋಡ್ರಿ" ಎಂದು ಬಾಗಿಲು ದಾಟಿದಳು. "ನಾ ಬಸ್ಸಿಗೆ ನಡದೆ. ಕುರಿ ಹಸದಿರತಾವು."

ಗೊಲ್ಲಾಳಪ್ಪ ಅವಳ ಹಿಂದೆ ಹೊರಟ. ಮುಂದೆ ಹೋಗುತ್ತಿದ್ದ ಹೆಂಡತಿಯ ಕಾಲನ್ನೇ, ಕುಂಟುತ್ತಾಳೋ ಎಂದು, ಬಸ್‌ಸ್ಟ್ಯಾಂಡಿನವರೆಗೂ ನೋಡುತ್ತ ನಡೆದ. ಅವಳು ಕುಂಟಲಿಲ್ಲ.